ಲಂಡನ್ ಮೇಯರ್‌ನ ಎದುರಿಗೆ ಕೂರಿಸಿ ಕೇಳೋದು ಯಾರು?

ಪ್ರಶ್ನೆ: ಮಗಳ ಮನೆಗೆ ಅಂತ ಲಂಡನ್‌ಗೆ ಹೋಗಿದ್ದೆ. ಅಳಿಯ ಲ್ಯಾಪ್‌ಟಾಪ್‌ನಲ್ಲಿ ಯಾವುದೋ ಸಭೆ ನೋಡುತ್ತಿದ್ದರು. ಮೇಯರ್ ಒಬ್ಬರೇ ಕೂತಿದ್ದಾರೆ, ಉಳಿದವರೆಲ್ಲ ಚಾಕು ಇರಿತ, ಪೊಲೀಸ್ ಠಾಣೆ ಅಂತ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ. ಮೇಯರ್‌ಗೂ ಪೊಲೀಸರಿಗೂ ಏನು ಸಂಬಂಧ?
(ಓದುಗರೊಬ್ಬರು, ಮೈಸೂರು)

ಉತ್ತರ: ನಮ್ಮಲ್ಲಿ ಮೇಯರ್ ಅಂದ್ರೆ ಗೌನು, ಕೊರಳಲ್ಲಿ ಸರ, ಒಂದು ವರ್ಷದ ಗೌರವ ಅಂತಲೇ ಮನಸ್ಸಿಗೆ ಬರುತ್ತೆ ಅಲ್ವಾ? ಅದಕ್ಕೇ ನಿಮಗೆ ಹಾಗನ್ನಿಸಿದೆ. ಲಂಡನ್ ಮೇಯರ್ ಬೇರೆ ಜಾತಿಯ ಹುದ್ದೆ. 2000ದಿಂದ ಜನ ನೇರವಾಗಿ ಓಟು ಹಾಕಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. 2012ರಿಂದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಬಜೆಟ್ಟು, ಯಾವುದಕ್ಕೆ ಆದ್ಯತೆ ಅನ್ನೋದು, ಎರಡೂ ಮೇಯರ್ ಕಚೇರಿಯ ಕೈಗೇ ಬಂದಿದೆ. ಹಾಗಾಗಿ ಬೈಗುಳವೂ ಅವರಿಗೇ.

ನೀವು ನೋಡಿದ್ದು ಮೇಯರ್ ಪ್ರಶ್ನೋತ್ತರ ಸಭೆ. ವರ್ಷಕ್ಕೆ 10 ಸಲ ನಡೆಯುತ್ತೆ. ಕೇಳುವವರು ಲಂಡನ್ ಅಸೆಂಬ್ಲಿಯ 25 ಸದಸ್ಯರು, ಅವರೂ ಜನರಿಂದ ಆರಿಸಿ ಬಂದವರೇ. ಅಲ್ಲಿ ನೋಡಬೇಕಾದ್ದು ಮುಖಗಳನ್ನಲ್ಲ, ಗಡಿಯಾರವನ್ನು. ಒಂದೊಂದು ಪಕ್ಷಕ್ಕೂ ಇಂತಿಷ್ಟೇ ನಿಮಿಷ ಅಂತ ಲೆಕ್ಕ, ಮೇಯರ್ ಕೊಡೋ ಉತ್ತರದ ಹೊತ್ತೂ ಅದೇ ಖಾತೆಗೆ ಬೀಳುತ್ತೆ. ಹಾಗಾಗಿ ಇಷ್ಟವಿಲ್ಲದ ಪ್ರಶ್ನೆ ಬಂತು ಅಂದ್ರೆ ಮೇಯರ್ ಆದವರು ಉತ್ತರವನ್ನು ಚೂಯಿಂಗ್ ಗಮ್ ಥರ ಎಳೆಯುತ್ತಾರೆ, ಸದಸ್ಯರು ಮಧ್ಯೆ ಬಾಯಿ ಹಾಕಿ "ಹೌದಾ ಇಲ್ಲವಾ, ಅಷ್ಟು ಹೇಳಿ" ಅಂತಾರೆ, ಅಷ್ಟರಲ್ಲಿ ಅಧ್ಯಕ್ಷರು ನಿಮ್ಮ ಪಕ್ಷದ ಸಮಯ ಮುಗಿಯಿತು ಅಂತಾರೆ. ಯಾವ ಪಕ್ಷದ ಮೇಯರ್ ಇದ್ದರೂ ಇದೇ ಕಥೆ. ಬಾಯಲ್ಲಿ ಕೇಳಲು ಆಗದ್ದನ್ನು ಬರೆದು ಕೊಡುತ್ತಾರೆ, ಅಂಥವು ನೂರಾರು. ಉತ್ತರಗಳೆಲ್ಲ ಜಾಲತಾಣಕ್ಕೆ ಬರುತ್ತವೆ. ನನ್ನ ಪ್ರಕಾರ ನಿಜವಾದ ಸರಕು ಇರೋದು ಆ ಬರಹದ ಉತ್ತರಗಳಲ್ಲೇ.

ಪ್ರಶ್ನೆ: ಸದಸ್ಯರೆಲ್ಲ ಒಟ್ಟಾದರೆ ಪೊಲೀಸ್ ಕಮಿಷನರ್‌ನ ಮನೆಗೆ ಕಳಿಸಬಹುದಾ?
(ಹುಬ್ಬಳ್ಳಿಯಿಂದ)

ಉತ್ತರ: ಆಗಲ್ಲ. ಕಮಿಷನರ್‌ನ ನೇಮಿಸೋದು ಗೃಹ ಸಚಿವರ ಶಿಫಾರಸಿನ ಮೇಲೆ ರಾಜ. ಮೇಯರ್ ಏನಂತಾರೆ ಅನ್ನೋದನ್ನು ಗೃಹ ಸಚಿವರು ಗಮನಕ್ಕೆ ತಗೋಬೇಕು, ಅಷ್ಟೇ. ಅಸೆಂಬ್ಲಿ ಕರೆಸಿ ಕೂರಿಸಿ ಕೇಳಬಹುದು, ತೆಗೆಯಲಾರದು.

ಆದರೆ ಮೇಯರ್ ಮುಖ ತಿರುಗಿಸಿದರೆ ಕಮಿಷನರ್ ಉಳಿಯೋದು ಕಷ್ಟ. 2008ರ ಅಕ್ಟೋಬರ್‌ನಲ್ಲಿ ಇಯಾನ್ ಬ್ಲೇರ್ ಹೋದದ್ದು ಹಾಗೆ, ಆಗ ಮೇಯರ್ ಬೋರಿಸ್ ಜಾನ್ಸನ್. 2022ರ ಫೆಬ್ರವರಿಯಲ್ಲಿ ಕ್ರೆಸಿಡಾ ಡಿಕ್ ಹೋದದ್ದೂ ಹಾಗೇ, ಆಗ ಸಾದಿಕ್ ಖಾನ್. ಅದರ ಹಿಂದಿನ ವರ್ಷ ಇಲಾಖೆಯ ಸೇವೆಯಲ್ಲಿದ್ದ ಪೊಲೀಸನೇ ಒಬ್ಬ ಯುವತಿಯನ್ನು ಅಪಹರಿಸಿ ಕೊಂದಿದ್ದ. ಆಮೇಲೆ ಚೇರಿಂಗ್ ಕ್ರಾಸ್ ಠಾಣೆಯ ಕೆಲವು ಪೊಲೀಸರು ತಮ್ಮತಮ್ಮಲ್ಲೇ ಕಳಿಸಿಕೊಂಡಿದ್ದ ಹೊಲಸು ಮೆಸೇಜುಗಳು ಹೊರಬಿದ್ದವು. ಡಿಕ್ ಹೊರಟದ್ದು ಸರಿಯೇ ಅಂತ ಆಗ ನನಗೂ ಅನ್ನಿಸಿತ್ತು. ಆದರೆ ಅದೇ ವರ್ಷ ಪೊಲೀಸ್ ತಪಾಸಣೆಯ ಮಾಜಿ ಮುಖ್ಯಸ್ಥ ಟಾಮ್ ವಿನ್ಸರ್ ವರದಿ ಬಂತು, ಕಳಿಸಿದ ರೀತಿಯಲ್ಲಿ ಕ್ರಮ ಪಾಲಿಸಿಲ್ಲ ಅಂತ ಹೇಳಿತು. ಖಾನ್ ಒಪ್ಪಲಿಲ್ಲ. ಸದಸ್ಯರಿಗೆ ಮತ್ತೆ ಒಂದಷ್ಟು ತಿಂಗಳ ಪ್ರಶ್ನೆ ಸಿಕ್ಕಿತು!

ಪ್ರಶ್ನೆ: ಮೇಯರ್ ಒಂದು ಫೋನ್ ಮಾಡಿದರೆ ಯಾರನ್ನಾದರೂ ಒಳಗೆ ಹಾಕುತ್ತಾರಾ?
(ತುಮಕೂರಿನಿಂದ)

ಉತ್ತರ: ಇಲ್ಲ. ಯಾರನ್ನು ಹಿಡಿಯಬೇಕು, ಯಾವ ಕೇಸು ತನಿಖೆ ಮಾಡಬೇಕು ಅನ್ನೋದು ಪೊಲೀಸರದ್ದೇ ತೀರ್ಮಾನ. ಮೇಯರ್‌ಗಳಿಗೆ ಇದು ಒಳ್ಳೆ ಕೊಡೆಯೂ ಹೌದು, ಮಳೆ ಜೋರಾದಾಗ ಅದರಡಿ ನಿಲ್ಲುತ್ತಾರೆ.

ಪ್ರಶ್ನೆ: ಪ್ರಶ್ನೆ ಕೇಳಿ ಕೇಳಿ ಏನು ಪ್ರಯೋಜನ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಲ್ವಾ?
(ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ನಿಮ್ಮ ಮಾತು ಅರ್ಧ ನಿಜ. ಒಂದು ಕಥೆ ಹೇಳ್ತೀನಿ. 2011ರಲ್ಲಿ ಲಂಡನ್‌ನಲ್ಲಿ ದೊಂಬಿ ಆಯಿತು. ಅದನ್ನು ನೆನಪಿಟ್ಟುಕೊಂಡು 2014ರಲ್ಲಿ ಜಾನ್ಸನ್ ಜರ್ಮನ್ ಪೊಲೀಸರಿಂದ ಮೂರು ಹಳೇ ಜಲಫಿರಂಗಿ ಗಾಡಿ ಕೊಂಡರು. 20 ವರ್ಷ ದಾಟಿದ ಮಾಲು, ಬೆಲೆ ಸುಮಾರು 2,18,000 ಪೌಂಡ್. ತಮಾಷೆ ಅಂದ್ರೆ ಬಳಸೋಕೆ ಗೃಹ ಸಚಿವರ ಅನುಮತಿ ಬೇಕು, ಅದು ಬರೋ ಮೊದಲೇ ಗಾಡಿ ಬಂತು. ಹುಡುಗಿ ಒಪ್ಪುವ ಮೊದಲೇ ಛತ್ರ ಬುಕ್ ಮಾಡಿದ ಹಾಗೆ. ಅನುಮತಿ ಇಲ್ಲದೆ ಯಾಕೆ ಕೊಳ್ತೀರಿ ಅಂತ ಅಸೆಂಬ್ಲಿಯಲ್ಲಿ ಕೇಳಿದರು, ಮೇಯರ್ ಕಿವಿಗೆ ಹಾಕಿಕೊಳ್ಳಲಿಲ್ಲ. 2015ರ ಜುಲೈನಲ್ಲಿ ಗೃಹ ಸಚಿವೆ ತೆರೇಸಾ ಮೇ ಆಗಲ್ಲ ಅಂದರು. ಅವರು ಜಾನ್ಸನ್ ಪಕ್ಷದವರೇ! ರಿಪೇರಿ, ಬಣ್ಣ ಎಲ್ಲ ಸೇರಿ ಖರ್ಚು 3 ಲಕ್ಷ ಪೌಂಡ್ ದಾಟಿತ್ತು. ಒಂದು ಹನಿ ನೀರನ್ನೂ ಯಾರ ಮೇಲೂ ಹಾರಿಸದ ಗಾಡಿಗಳು 2018ರಲ್ಲಿ ಗುಜರಿಗೆ ಹೋದವು, ಬಂದ ದುಡ್ಡು 11,025 ಪೌಂಡ್. ಪ್ರಶ್ನೆಗಳು ಆ ಖರೀದಿಯನ್ನು ತಡೆಯಲಿಲ್ಲ, ನಿಜ. ಆದರೆ ಯಾರು ಯಾವಾಗ ಎಚ್ಚರಿಸಿದ್ದರು ಅನ್ನೋದು ಕಡತದಲ್ಲಿದೆ, ನನಗೆ ಗೊತ್ತಿಲ್ಲ ಅಂತ ಆಮೇಲೆ ಯಾರೂ ಜಾರಿಕೊಳ್ಳೋ ಹಾಗಿಲ್ಲ.

ನಡತೆಯ ವಿಷಯಕ್ಕೆ ಬಂದರೂ ಜಾನ್ಸನ್ ಕಾಲದಷ್ಟು ಸರಕು ಇನ್ನೆಲ್ಲೂ ಸಿಗಲ್ಲ. 2013ರಲ್ಲಿ ಅಗ್ನಿಶಾಮಕ ಠಾಣೆ ಮುಚ್ಚೋ ಬಗ್ಗೆ ಕೇಳಿದ ಸದಸ್ಯರಿಗೆ ಸಭೆಯಲ್ಲೇ "ಗೆಟ್ ಸ್ಟಫ್ಡ್" ಅಂದುಬಿಟ್ಟರು. ಅದೇ ವರ್ಷ ಇನ್ನೊಂದು ಸಭೆಯಲ್ಲಿ ಸದಸ್ಯರನ್ನು ಬೆನ್ನುಮೂಳೆ ಇಲ್ಲದ ಜೆಲ್ಲಿಗಳು ಅಂತ ಕರೆದರು. ಸುಮ್ನೆ ನಕ್ಕು ಬಿಡಬಹುದು. ನಗಲಾಗದ್ದು 2019ರಲ್ಲಿ ಬಂತು. ಮೇಯರ್ ಆಗಿದ್ದಾಗ ಅಮೆರಿಕದ ಉದ್ಯಮಿ ಮಹಿಳೆಯೊಬ್ಬರಿಗೆ ಅನುಕೂಲ ಮಾಡಿಕೊಟ್ಟರು ಅನ್ನೋ ಆರೋಪ ಅದು. ಮೇಯರ್ ಪೊಲೀಸ್ ಉಸ್ತುವಾರಿಯೂ ಆಗಿದ್ದರಿಂದ ದೂರು ಹೋದದ್ದು ಪೊಲೀಸರ ನಡತೆ ನೋಡುವ ಸ್ವತಂತ್ರ ಸಂಸ್ಥೆಗೆ. ಕ್ರಿಮಿನಲ್ ತನಿಖೆ ನಡೆಸುವಂಥ ಸಾಕ್ಷ್ಯ ಇಲ್ಲ, ಆದರೆ ಆಕೆಯ ಜೊತೆಗಿದ್ದ ಸಂಬಂಧವನ್ನು ಮೊದಲೇ ಘೋಷಿಸಿದ್ದರೆ ಜಾಣತನವಾಗುತ್ತಿತ್ತು ಅಂತ 2020ರ ಮೇ ತಿಂಗಳಲ್ಲಿ ಅದು ಹೇಳಿತು.

ಪ್ರಶ್ನೆ: ನಮ್ಮ ಕಲಬುರಗಿ ಕಡೆಯವರು ಲಂಡನ್ ಮೇಯರ್ ಆಗಿದ್ದರಂತೆ. ಅವರಿಗೂ ಹೀಗೇ ಕೇಳುತ್ತಿದ್ದರಾ?
(ಬೀದರ್‌ನಿಂದ)

ಉತ್ತರ: ನೀರಜ್ ಪಾಟೀಲರ ಬಗ್ಗೆ ಕೇಳ್ತಿದ್ದೀರಿ. ಅವರು 2010-11ರಲ್ಲಿ ಮೇಯರ್ ಆಗಿದ್ದದ್ದು ಲ್ಯಾಂಬೆತ್‌ಗೆ. ಅದು ಲಂಡನ್ನಿನ 32 ಬರೋಗಳಲ್ಲಿ, ಅಂದ್ರೆ ಸ್ಥಳೀಯ ಆಡಳಿತದ ವಲಯಗಳಲ್ಲಿ, ಒಂದು. ಆ ಹುದ್ದೆ ನಮ್ಮ ಮೇಯರ್ ಥರದ್ದೇ, ಗೌರವದ್ದು, ಪೊಲೀಸರ ಹೊಣೆ ಇಲ್ಲ. 2015ರ ನವೆಂಬರ್‌ನಲ್ಲಿ ಥೇಮ್ಸ್ ದಡದಲ್ಲಿ ಅನಾವರಣವಾದ ಬಸವಣ್ಣನ ಪ್ರತಿಮೆ ಇರೋದೂ ಲ್ಯಾಂಬೆತ್‌ನಲ್ಲೇ, ಅದರ ಹಿಂದೆ ಓಡಾಡಿದವರೂ ಅವರೇ. ಇನ್ನೊಬ್ಬ ಲಾರ್ಡ್ ಮೇಯರ್ ಅಂತಲೂ ಇದ್ದಾರೆ, ಹಳೇ ಸಿಟಿಯ ಚದರ ಮೈಲಿಗೆ. ಅಲ್ಲಿನ ಪೊಲೀಸರೇ ಬೇರೆ. ತಲೆ ಕೆಡಿಸಿಕೊಳ್ಳಬೇಡಿ, ಲಂಡನ್ನಿನವರಿಗೇ ಗೊಂದಲ ಇದೆ.

ಪ್ರಶ್ನೆ: ಬೆಂಗಳೂರಲ್ಲಿ ನಮ್ಮ ಕಾರ್ಪೊರೇಟರ್ ಹೀಗೆ ಪೊಲೀಸರ ಬಗ್ಗೆ ಕೇಳಬಹುದಾ?
(ಜಯನಗರ)

ಉತ್ತರ: ಕೇಳಿದರೂ ಉತ್ತರ ಕೊಡಬೇಕಾದವರು ಆ ಕಟ್ಟಡದಲ್ಲಿಲ್ಲ. ಪೊಲೀಸ್ ರಾಜ್ಯ ಸರ್ಕಾರದ ವಿಷಯ. ನಗರಗಳಿಗೆ ಬಿಟ್ಟುಕೊಡಬಹುದು ಅಂತ ಸಂವಿಧಾನ ಪಟ್ಟಿ ಮಾಡಿರೋ 18 ಕೆಲಸಗಳಲ್ಲಿ ಅಗ್ನಿಶಾಮಕ ಇದೆ, ಪೊಲೀಸ್ ಇಲ್ಲ. ನಿಮ್ಮ ಶಾಸಕರು ವಿಧಾನಸಭೆಯಲ್ಲಿ ಗೃಹ ಸಚಿವರನ್ನು ಕೇಳಬಹುದು. ಕಾರ್ಪೊರೇಟರ್ ವಿಷಯ ಬಿಡಿ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬೆಂಗಳೂರಿನಲ್ಲಿ ಕಾರ್ಪೊರೇಟರೇ ಇರಲಿಲ್ಲ. ಚರಂಡಿ ಬಗ್ಗೆ ಕೇಳೋಕೂ ಆಳಿರಲಿಲ್ಲ, ಇನ್ನು ಪೊಲೀಸ್!

ಮೈಸೂರಿನ ಓದುಗರಿಗೆ ಒಂದು ಮಾತು. ಮುಂದಿನ ಸಲ ಮಗಳ ಮನೆಗೆ ಹೋದಾಗ ಲ್ಯಾಪ್‌ಟಾಪ್ ಬಿಟ್ಟು ಸಭೆಗೇ ಹೋಗಿ ಬನ್ನಿ. ರಾಯಲ್ ಡಾಕ್ಸ್‌ನ ಸಿಟಿ ಹಾಲ್‌ನಲ್ಲಿ ನಡೆಯುತ್ತೆ, ಗ್ಯಾಲರಿಯಲ್ಲಿ ಕೂರೋಕೆ ದುಡ್ಡಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 10ಕ್ಕೆ ಶುರು. ಒಂದು ಸ್ವೆಟರ್ ಇಟ್ಟುಕೊಳ್ಳಿ, ಡಾಕ್ಸ್ ಕಡೆ ಗಾಳಿ ಜಾಸ್ತಿ.