ಟಿಪ್ ಎಷ್ಟು ಅನ್ನೋದು ಆಮೇಲೆ, ಮೊದಲು ಆ ಚೀಟಿ ನೋಡಿ

ಮುಂದಿನ ತಿಂಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಹೊರಟಿದ್ದೀರಿ, ಸರ್ವಿಸ್ ಚೆನ್ನಾಗಿಲ್ಲದಿದ್ದರೆ ಟಿಪ್ ಕೊಡದೇ ಎದ್ದು ಬರಬಹುದಾ, ಕೊಡಲೇಬೇಕೆಂದರೆ ಕನಿಷ್ಠ ಎಷ್ಟು ಅಂತ ಕೇಳಿದ್ದೀರಿ. ನಾನೂ 2014ರಲ್ಲಿ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಅದೇ ಊರಿಗೆ ಇಳಿದವನು. ನಿಮಗೆ ಪರ್ಸೆಂಟ್ ಲೆಕ್ಕ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಉದ್ದವಾದರೂ ಪೂರ್ತಿ ಬರೆಯುತ್ತೇನೆ.

ಹೊರಡುವ ಮೊದಲು ಬೆಂಗಳೂರಿನ ಆಫೀಸಿನಲ್ಲಿ ಒಂದು ತರಬೇತಿ ಇಟ್ಟಿದ್ದರು. ಅಮೆರಿಕದಲ್ಲಿ ಹದಿನೈದು ಪರ್ಸೆಂಟ್ ಟಿಪ್ ಕೊಡಿ ಅಂತ ಅಲ್ಲೇ ಹೇಳಿದ್ದರು. ಹಾಗಾಗಿ ಕೊಡಬೇಕು ಅನ್ನೋದು ನನಗೆ ಗೊತ್ತಿತ್ತು, ಕೊಡುವ ಮನಸ್ಸೂ ಇತ್ತು. ಕ್ಲೈಂಟ್ ಕಡೆಯ ಇಬ್ಬರು ಮೂವರನ್ನು ಪ್ರತಿ ಶುಕ್ರವಾರ ಊಟಕ್ಕೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ನನ್ನ ಕಾರ್ಡಿನಲ್ಲಿ ಕೊಟ್ಟು, ಆಮೇಲೆ ಕಂಪನಿಗೆ ಕ್ಲೇಮ್ ಹಾಕಬೇಕು. ಆಫೀಸಿನ ಹತ್ತಿರವೇ ಒಂದು ಹೋಟೆಲ್, ಬಹುತೇಕ ಒಬ್ಬರೇ ಸರ್ವರ್, ವಯಸ್ಸಾದ ಹೆಂಗಸು.

ಅಲ್ಲಿ ಕೂತು ಊಟ ಮಾಡುವ ಹೋಟೆಲ್‌ಗಳಲ್ಲಿ ಕಾರ್ಡಿನ ವ್ಯವಹಾರ ನಮ್ಮಲ್ಲಿಯ ಹಾಗೆ ಒಂದೇ ಏಟಿಗೆ ಮುಗಿಯುವುದಿಲ್ಲ. ಕಪ್ಪು ಫೋಲ್ಡರ್‌ನಲ್ಲಿ ಬಿಲ್ ಬರುತ್ತದೆ. ಕಾರ್ಡ್ ಇಟ್ಟರೆ ಸರ್ವರ್ ತೆಗೆದುಕೊಂಡು ಹೋಗಿ ಉಜ್ಜಿ, ಕಾರ್ಡಿನ ಜೊತೆ ಎರಡು ಚೀಟಿ ಇಟ್ಟು ವಾಪಸ್ ತರುತ್ತಾರೆ. ಎರಡೂ ನೋಡಲು ಒಂದೇ ತರ. ಮೇಲೆ ಊಟದ ಮೊತ್ತ, ಕೆಳಗೆ ‘ಟಿಪ್’ ಅಂತ ಖಾಲಿ ಗೆರೆ, ಅದರ ಕೆಳಗೆ ‘ಟೋಟಲ್’ ಅಂತ ಇನ್ನೊಂದು ಖಾಲಿ ಗೆರೆ, ಆಮೇಲೆ ಸಹಿ. ವ್ಯತ್ಯಾಸ ಇರುವುದು ತಳದ ಸಣ್ಣ ಅಕ್ಷರದಲ್ಲಿ: ಒಂದರಲ್ಲಿ ‘ಮರ್ಚೆಂಟ್ ಕಾಪಿ’, ಇನ್ನೊಂದರಲ್ಲಿ ‘ಕಸ್ಟಮರ್ ಕಾಪಿ’. ಮರ್ಚೆಂಟ್ ಕಾಪಿಯಲ್ಲಿ ಟಿಪ್ ಬರೆದು, ಕೂಡಿಸಿ, ಸಹಿ ಹಾಕಿ ಮೇಜಿನ ಮೇಲೆ ಬಿಟ್ಟು ಬರಬೇಕು. ನೀವು ಎದ್ದು ಹೋದ ಮೇಲೆ ಸರ್ವರ್ ಆ ಚೀಟಿ ನೋಡಿ ಟಿಪ್ ಮೊತ್ತವನ್ನು ಸಿಸ್ಟಮ್‌ಗೆ ಹಾಕುತ್ತಾರೆ. ಟಿಪ್ ಸೇರಿದ ಮೊತ್ತ ನಿಮ್ಮ ಕಾರ್ಡಿಗೆ ಬೀಳುವುದು ಆಗ. ಬರೆದ ಚೀಟಿ ಅವರಿಗೆ ಸಿಗದಿದ್ದರೆ ಊಟದ ಹಣ ಮಾತ್ರ ಹೋಗುತ್ತದೆ, ಟಿಪ್ ಸೊನ್ನೆ.

ನಾನು ಮಾಡಿದ್ದು ಏನೆಂದರೆ, ಟಿಪ್ ಬರೆದು ಸಹಿ ಹಾಕಿದ ಚೀಟಿಯನ್ನೇ ಮಡಚಿ ಜೇಬಿಗೆ ಹಾಕಿಕೊಂಡು, ಖಾಲಿ ಚೀಟಿಯನ್ನು ಅಲ್ಲಿ ಬಿಟ್ಟು ಬರುತ್ತಿದ್ದೆ. ಕಾರಣ ಕ್ಲೇಮ್. ಎಷ್ಟು ಕೊಟ್ಟೆ ಅನ್ನುವುದಕ್ಕೆ ದಾಖಲೆ ಬೇಕಲ್ಲ, ಪೂರ್ತಿ ಮೊತ್ತ ಬರೆದಿರುವುದು ಅದರಲ್ಲೇ ತಾನೆ ಅಂತ. ಒಂದು ಚೀಟಿಯ ಲೆಕ್ಕ ನನಗೆ ಇವತ್ತಿಗೂ ಬಾಯಿಪಾಠ: ಊಟ 62 ಡಾಲರ್, ಟ್ಯಾಕ್ಸ್ 5.12, ಟಿಪ್ 10, ಒಟ್ಟು 77.12. ಅದರ ಫೋಟೊ ತೆಗೆದು ಕ್ಲೇಮ್ ಹಾಕಿದೆ. ಕಾರ್ಡಿನಿಂದ ಹೋದದ್ದು 67.12. ತಿಂಗಳ ಸ್ಟೇಟ್‌ಮೆಂಟಿನಲ್ಲಿ ಒಟ್ಟು ಬಾಕಿ ನೋಡಿ ಕಟ್ಟುತ್ತಿದ್ದೆನೇ ಹೊರತು ಒಂದೊಂದೇ ಸಾಲನ್ನು ಚೀಟಿ ಜೊತೆ ಹೋಲಿಸಿ ನೋಡಿದವನಲ್ಲ.

ಫೈನಾನ್ಸ್‌ನವರು ನೋಡಿದರು. ಕಾರ್ಡ್ ಸ್ಟೇಟ್‌ಮೆಂಟ್ ಕೇಳಿದರು, ಕಳಿಸಿದೆ, ಪ್ರತಿ ಊಟದ ಕ್ಲೇಮೂ ಕಾರ್ಡಿಗಿಂತ ಜಾಸ್ತಿ. ಅವರ ಜಾಗದಲ್ಲಿ ಕೂತು ಯೋಚಿಸಿ: ಕೊಡದೇ ಇರುವ ಟಿಪ್ಪನ್ನು ಚೀಟಿಯಲ್ಲಿ ಬರೆದು ಕಂಪನಿಯಿಂದ ವಸೂಲಿ ಮಾಡಿದ್ದಾನೆ, ಅದೂ ವಾರ ವಾರ. ಆಗ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತು ನೋಡಿದರೆ ಎಲ್ಲದರ ತಳದಲ್ಲೂ ‘ಮರ್ಚೆಂಟ್ ಕಾಪಿ’. ಮೈ ತಣ್ಣಗಾಯಿತು. ವಿವರಿಸಿ ಬರೆದೆ. ಹೆಚ್ಚುವರಿ ಹಣ ಸಂಬಳದಲ್ಲಿ ಹಿಡಿದುಕೊಂಡರು, ಅದು ನ್ಯಾಯವೇ. ಆದರೆ ಆಗ ಮಂಜೂರಾತಿಗೆ ಹೋಗಿದ್ದ ನನ್ನ ಆನ್‌ಸೈಟ್ ಮುಂದುವರಿಕೆ, ಅಂದರೆ ಅಮೆರಿಕದಲ್ಲೇ ಇದ್ದು ಕೆಲಸ ಮುಂದುವರಿಸುವುದು, ಅಲ್ಲಿಗೇ ನಿಂತು, ಆ ಜಾಗಕ್ಕೆ ಬೇರೆಯವರು ಬಂದರು. ಇದೇ ಕಾರಣ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದಕ್ಕಿಂತ ನೋವಾಗಿದ್ದು ಆ ಹೋಟೆಲ್‌ಗೆ ವಾಪಸ್ ಹೋದಾಗ. ಬಾಕಿ ಟಿಪ್ಪನ್ನೆಲ್ಲ ಕೂಡಿಸಿ ಕವರ್‌ನಲ್ಲಿ ನಗದು ಹಾಕಿ ಆ ಹೆಂಗಸಿನ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಆಕೆ ಸಿಟ್ಟಾಗಲಿಲ್ಲ, ಕೂತು ಲೆಕ್ಕ ವಿವರಿಸಿದರು. ಅವರಲ್ಲಿ ಪಾಳಿ ಮುಗಿದಾಗ ಪ್ರತಿ ಸರ್ವರ್ ತಾನು ಮಾಡಿದ ಒಟ್ಟು ಮಾರಾಟದ ಮೂರು ಪರ್ಸೆಂಟನ್ನು ಮೇಜು ಒರೆಸುವವರಿಗೂ ಬಾರ್‌ನವರಿಗೂ ಹಂಚಬೇಕು. ಬಂದ ಟಿಪ್ಪಿನ ಮೇಲಲ್ಲ, ಮಾರಾಟದ ಮೇಲೆ. ಅಂದರೆ ನನ್ನ 62 ಡಾಲರಿನ ಊಟಕ್ಕೆ ಆಕೆ ಕೈಯಿಂದಲೇ ಸುಮಾರು ಎರಡು ಡಾಲರ್ ಹಾಕಿದ್ದಾರೆ. ನಾನು ಊಟ ಮಾಡಿದ್ದಕ್ಕೆ ಆಕೆ ದುಡ್ಡು ಕೊಟ್ಟ ಹಾಗೆ. ಕ್ಲೈಂಟ್ ಕಡೆಯ ಹಿರಿಯರೊಬ್ಬರು ಹೊರಗೆ ಬಂದ ಮೇಲೆ ‘ಒಂದು ನಿಮಿಷ’ ಅಂತ ಮತ್ತೆ ಒಳಗೆ ಹೋಗುತ್ತಿದ್ದದ್ದು ಯಾಕೆ ಅನ್ನೋದೂ ಆವತ್ತೇ ಗೊತ್ತಾಯಿತು. ನನ್ನ ಪರವಾಗಿ ಅವರು ಮೇಜಿನ ಮೇಲೆ ನೋಟು ಇಟ್ಟು ಬರುತ್ತಿದ್ದರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಹಣದ ವಿಷಯದಲ್ಲಿ ಅಲ್ಲಿಯವರು ಮುಖಕ್ಕೆ ಹೇಳುವುದು ಕಡಿಮೆ. ನೀವೇ ಕೇಳಿಕೊಳ್ಳಬೇಕು.

ಈಗ ನಿಮ್ಮ ಪ್ರಶ್ನೆ. ‘ಸರ್ವಿಸ್ ಚೆನ್ನಾಗಿಲ್ಲದಿದ್ದರೆ’ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ನಮ್ಮೂರಲ್ಲಿ ಸೋಂಪಿನ ತಟ್ಟೆಯಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಬರುವುದು ನಮ್ಮ ಖುಷಿ, ಬಿಡದಿದ್ದರೂ ಸಪ್ಲೈಯರ್‌ಗೆ ಸಂಬಳ ಬರುತ್ತದೆ. ಅಮೆರಿಕದ ಕೇಂದ್ರ ಕಾನೂನು ಟಿಪ್ ಸಿಗುವ ಕೆಲಸಗಾರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಅನ್ನುತ್ತದೆ. 1991ರಿಂದ ಈ ಅಂಕಿ ಬದಲಾಗಿಲ್ಲ. ಸಾಮಾನ್ಯ ಕನಿಷ್ಠ ಕೂಲಿ 7.25, ಅದು 2009ರಿಂದ ಹಾಗೇ ಇದೆ. ಟಿಪ್ ಸೇರಿಸಿಯೂ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು. ನೀವು ಹೋಗುವ ಟೆಕ್ಸಾಸ್ ಈ ಎರಡೂ ಅಂಕಿಗಳನ್ನೇ ಇಟ್ಟುಕೊಂಡಿದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯ, ಮಿನ್ನೆಸೋಟ ಮುಂತಾದ ಕೆಲವು ಕಡೆ ಸರ್ವರ್‌ಗೂ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು, ಆದರೂ ಟಿಪ್ ರೂಢಿ ಅಲ್ಲೂ ಬಿಟ್ಟುಹೋಗಿಲ್ಲ. ಡಲ್ಲಾಸ್‌ನಲ್ಲಿ ನೀವು ಕೊಡುವ ಟಿಪ್ ಆ ಮನುಷ್ಯನ ಸಂಬಳ. ಅಡುಗೆ ತಡವಾಯಿತು, ಉಪ್ಪು ಕಡಿಮೆಯಾಯಿತು ಅಂತ ಅದನ್ನು ಕತ್ತರಿಸುವುದು ತಪ್ಪು. ತೊಂದರೆ ಇದ್ದರೆ ಮ್ಯಾನೇಜರನ್ನು ಕರೆದು ಹೇಳಿ, ಬಹಳ ಸಲ ಆ ಐಟಂ ಅನ್ನೇ ಬಿಲ್‌ನಿಂದ ತೆಗೆಯುತ್ತಾರೆ. ಈ ಪದ್ಧತಿ ಸರಿಯೇ ಅಂದರೆ ನನಗೂ ಸರಿ ಅನ್ನಿಸುವುದಿಲ್ಲ. ಮಾಲೀಕ ಕೊಡಬೇಕಾದ ಸಂಬಳವನ್ನು ಗಿರಾಕಿಯ ತಲೆಗೆ ಕಟ್ಟಿದ್ದಾರೆ. ಆದರೆ ಅದನ್ನು ಸರ್ವರ್ ಮೇಲೆ ತೀರಿಸಿಕೊಳ್ಳಬೇಡಿ.

‘ಕನಿಷ್ಠ ಎಷ್ಟು’ ಅನ್ನುವುದಕ್ಕೆ: ಕೂತು ಊಟ ಮಾಡಿದರೆ 18ರಿಂದ 20 ಪರ್ಸೆಂಟ್, ಟ್ಯಾಕ್ಸ್ ಸೇರಿಸುವ ಮೊದಲಿನ ಮೊತ್ತದ ಮೇಲೆ. ನಮಗೆ ಹೇಳಿಕೊಟ್ಟಿದ್ದ 15 ಈಗ ಕಡಿಮೆ ಅನ್ನಿಸಿಕೊಳ್ಳುತ್ತದೆ. ಡಲ್ಲಾಸ್‌ನಲ್ಲಿ ಟ್ಯಾಕ್ಸ್ 8.25 ಪರ್ಸೆಂಟ್, ಆ ಸಾಲನ್ನು ಎರಡರಿಂದ ಗುಣಿಸಿ ಸ್ವಲ್ಪ ಮೇಲಕ್ಕೆ ಏರಿಸಿದರೆ ಲೆಕ್ಕ ಸಿಕ್ಕಿತು. ಆ ಸಾಲು ಸರ್ಕಾರಕ್ಕೆ ಹೋಗುವುದು, ಅದನ್ನು ನೋಡಿ ಸರ್ವಿಸ್ ಚಾರ್ಜ್ ಬಿಲ್‌ನಲ್ಲೇ ಬಂದಿದೆ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಬಿಲ್‌ಗೆ ಸರ್ವಿಸ್ ಚಾರ್ಜ್ ಸೇರಿಸುವ ಹೋಟೆಲ್‌ಗಳಲ್ಲಿ ತಿಂದು ಬಂದ ನಮಗೆ ಈ ಗೊಂದಲ ಸಹಜ. ಆದರೆ ಆರು ಅಥವಾ ಹೆಚ್ಚು ಜನರ ಗುಂಪಾದರೆ ಅಲ್ಲೂ ಎಷ್ಟೋ ಹೋಟೆಲ್‌ಗಳು ‘ಗ್ರಾಚುಯಿಟಿ’ ಅಂತ 18 ಪರ್ಸೆಂಟ್ ತಾವೇ ಸೇರಿಸುತ್ತವೆ. ನಮ್ಮ ನಿವೃತ್ತಿಯ ಗ್ರಾಚುಯಿಟಿಗೂ ಅದಕ್ಕೂ ಸಂಬಂಧವಿಲ್ಲ, ಅದು ಟಿಪ್ಪೇ. ಆ ಸಾಲು ಇದ್ದರೆ ಮತ್ತೆ ಕೊಡಬೇಕಾಗಿಲ್ಲ.

ಕೌಂಟರ್‌ನಲ್ಲಿ ನಿಂತು ಕಾಫಿ ತೆಗೆದುಕೊಂಡಾಗ ಸ್ಕ್ರೀನ್ ತಿರುಗಿಸಿ 18, 20, 25 ಅಂತ ತೋರಿಸುತ್ತಾರೆ. ನಾನು ಅಲ್ಲಿ ‘ನೋ ಟಿಪ್’ ಒತ್ತುತ್ತೇನೆ, ಸಂಕೋಚ ಪಡುವುದಿಲ್ಲ. ನಮ್ಮ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡು ನಿಂತು ತಿನ್ನುವಾಗ ಯಾರಿಗೆ ಟಿಪ್ ಕೊಡುತ್ತೇವೆ? ಉಳಿಸಬೇಕು ಅಂದರೆ ಇಂಥ ಕಡೆ ಊಟ ಮಾಡಿ, ಮನೆಯಲ್ಲಿ ಅಡುಗೆ ಮಾಡಿ. ಟೆಕ್ಸಾಸ್‌ನಲ್ಲಿ ಅಕ್ಕಿ, ಬೇಳೆ, ತರಕಾರಿಗೆ ಸೇಲ್ಸ್ ಟ್ಯಾಕ್ಸ್ ಕೂಡ ಇಲ್ಲ. ಮನೆಗೆ ಪಿಜ್ಜಾ ತಂದುಕೊಡುವ ಹುಡುಗನಿಗೆ ಮಾತ್ರ ಕೊಡಿ. ಬಿಲ್‌ನಲ್ಲಿರುವ ಡೆಲಿವರಿ ಫೀ ಅವನ ಟಿಪ್ ಅಲ್ಲ. ಕಟಿಂಗ್ ಶಾಪಿನಲ್ಲೂ ಹೋಟೆಲ್ ಊಟದ ಲೆಕ್ಕವೇ.

ಇನ್ನೊಂದು ಮಾತು, ನಮ್ಮವರ ಗುಂಪಿನಲ್ಲಿ ಹೋದಾಗಿನದು. ಎಂಟು ಜನ ಹೋಗಿ, ನಾಲ್ಕು ಐಟಂ ಹಂಚಿಕೊಂಡು, ಮೂರು ಗಂಟೆ ಮೇಜು ಹಿಡಿದು ಕೂತು, ಕೊನೆಗೆ ಎಲ್ಲರೂ ಬರೀ ಊಟದ ಬೆಲೆ ಮಾತ್ರ ಕೊಟ್ಟರೆ ಟ್ಯಾಕ್ಸ್ ಟಿಪ್ ಎರಡೂ ಕಾರ್ಡ್ ಕೊಟ್ಟವನ ತಲೆಗೆ ಬರುತ್ತದೆ, ಇಲ್ಲವೇ ಸರ್ವರ್ ತಲೆಗೆ. ಆರ್ಡರ್ ಕೊಡುವ ಮೊದಲೇ ‘ಸಪರೇಟ್ ಚೆಕ್ಸ್’ ಅಂತ ಹೇಳಿ, ಬೇರೆ ಬೇರೆ ಬಿಲ್ ತರುತ್ತಾರೆ. ಕೊನೆಯಲ್ಲಿ ಹೇಳಿದರೆ ಸರ್ವರ್‌ಗೆ ಎಲ್ಲವನ್ನೂ ಮತ್ತೆ ಬಿಡಿಸುವ ಕೆಲಸ. ಆಫೀಸಿನವರ ಜೊತೆ ಹೋದಾಗ ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಅಂತ ಬಿಲ್ ಕಿತ್ತುಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಅವರಿಗೆ ಅದು ಋಣದ ಹಾಗೆ ಅನ್ನಿಸುತ್ತದೆ. ಅವರವರ ಊಟಕ್ಕೆ ಅವರವರೇ ಕೊಟ್ಟರೆ ಯಾರಿಗೂ ಮುಜುಗರವಿಲ್ಲ.

ನಿಮ್ಮ ಕಂಪನಿಯೂ ಕ್ಲೇಮ್ ಕೊಡುವುದಾದರೆ, ಮರ್ಚೆಂಟ್ ಕಾಪಿಯಲ್ಲಿ ಬರೆದು ಅಲ್ಲೇ ಬಿಡಿ, ಅದೇ ಅಂಕಿಗಳನ್ನು ಕಸ್ಟಮರ್ ಕಾಪಿಯಲ್ಲೂ ಬರೆದು ಅದನ್ನು ತೆಗೆದುಕೊಳ್ಳಿ, ಒಂದೆರಡು ದಿನ ಬಿಟ್ಟು ಬ್ಯಾಂಕ್ ಆ್ಯಪ್‌ನಲ್ಲಿ ಕೊನೆಯ ಮೊತ್ತ ನೋಡಿ, ಆಮೇಲೆಯೇ ಕ್ಲೇಮ್ ಹಾಕಿ. ಮೊದಲ ದಿನ ಆ್ಯಪ್ ತೋರಿಸುವುದು ಟಿಪ್ ಸೇರದ ಮೊತ್ತವಾಗಿರಬಹುದು, ಗಾಬರಿಯಾಗಬೇಡಿ. ಮತ್ತೆ ಇಲ್ಲಿಂದ ಡಾಲರ್ ತೆಗೆದುಕೊಂಡು ಹೋಗುವಾಗ ಪೂರ್ತಿ ನೂರರ ನೋಟು ತೆಗೆದುಕೊಳ್ಳಬೇಡಿ, ಒಂದು ಮತ್ತು ಐದರ ನೋಟುಗಳನ್ನು ಕೇಳಿ ಪಡೆಯಿರಿ. ಸೂಟ್‌ಕೇಸ್ ಎತ್ತಿಕೊಡುವ ಶಟಲ್ ಡ್ರೈವರ್‌ಗೆ ಚೀಲಕ್ಕೆ ಒಂದೆರಡು ಡಾಲರ್. ಮನೆ ಸಿಗುವವರೆಗೆ ಹೋಟೆಲ್ ರೂಮಿನಲ್ಲಿದ್ದರೆ ಶುಚಿ ಮಾಡುವವರಿಗೆ ದಿನಕ್ಕೆ ಮೂರೋ ನಾಲ್ಕೋ ಡಾಲರ್ ಬೆಳಿಗ್ಗೆಯೇ ದಿಂಬಿನ ಹತ್ತಿರ ಇಟ್ಟು, ‘ಥ್ಯಾಂಕ್ ಯೂ’ ಅಂತ ಒಂದು ಚೀಟಿ ಬರೆದಿಡಿ. ಚೀಟಿ ಇಲ್ಲದಿದ್ದರೆ ಮರೆತು ಹೋದ ಹಣ ಅಂದುಕೊಂಡು ಮುಟ್ಟದೇ ಬಿಡುವವರೂ ಇದ್ದಾರೆ. ಖಾಲಿ ಮಾಡುವ ದಿನ ಒಟ್ಟಿಗೆ ಕೊಡೋಣ ಅನ್ನಬೇಡಿ, ದಿನಾ ಬರುವವರು ಒಬ್ಬರೇ ಆಗಿರುವುದಿಲ್ಲ.