ಬಸ್ಸಲ್ಲಿ ಒಂದೇ ಕೈಯಲ್ಲಿ ಫೋನ್, ಹೆಬ್ಬೆರಳಿಗೆ ನೋವು

ಕಾರವಾರ-ಅಂಕೋಲಾ ಬಸ್ಸಲ್ಲಿ ಕಂಬಿ ಹಿಡಿದು ನಿಂತು 6.7 ಇಂಚಿನ ಫೋನ್ ಬಳಸಿದರೆ ಹೆಬ್ಬೆರಳ ಬುಡ ನೋಯುತ್ತದೆ ಅಂದಿದ್ದೀರಿ. ಬಹುಶಃ ಕಾರಣ ಫೋನಿನ ಅಗಲ. ಅಂಥ ಫೋನ್ ಸುಮಾರು 75-77 ಮಿ.ಮೀ. ಅಗಲ, 200 ಗ್ರಾಂ ಆಸುಪಾಸು ತೂಕ. ಕಿರುಬೆರಳು ಭಾರ ಹೊರುತ್ತದೆ, ಹೆಬ್ಬೆರಳು ಮೇಲಿನ ಮೂಲೆಗೆ ಚಾಚುತ್ತದೆ. ನನಗೂ ಹೀಗೇ ಆಗಿತ್ತು.

ಸುಮ್ನೆ ಹೊಸದು ಕೊಳ್ಳಬೇಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಒನ್-ಹ್ಯಾಂಡೆಡ್ ಮೋಡ್' (ಪರದೆಯನ್ನು ಹೆಬ್ಬೆರಳಿಗೆ ಎಟುಕುವಂತೆ ಕೆಳಗೆ ತರುವ ಸೌಲಭ್ಯ) ಹುಡುಕಿ ಆನ್ ಮಾಡಿ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್ ಇದ್ದರೆ ಕೀಬೋರ್ಡನ್ನೂ ಬಲಕ್ಕೆ ಸರಿಸಿ. ಜಾಸ್ತಿ ಬಳಸುವ ಆಪ್‌ಗಳನ್ನು ಕೆಳಗಿನ ಸಾಲಿಗೆ ತನ್ನಿ. ದಪ್ಪ ಕವರ್ ತೆಗೆದು ತೆಳುವಾದದ್ದು ಹಾಕಿ. ಒಂದು ವಾರ ನೋಡಿ.

ಕಡಿಮೆಯಾಗದಿದ್ದರೆ ಸಣ್ಣ ಫೋನೇ ಸರಿ. ಅಂಗಡಿಯಲ್ಲಿ ಇಂಚು ಕೇಳಬೇಡಿ, ಅಗಲ ಕೇಳಿ. 72 ಮಿ.ಮೀ. ಒಳಗಿರಲಿ. ಗ್ಯಾಲಕ್ಸಿ ಎಸ್24 70.6 ಮಿ.ಮೀ., ತೂಕ ಸುಮಾರು 168 ಗ್ರಾಂ. 2021ರ ಐಫೋನ್ 13 ಮಿನಿ ಬರೀ 64.2 ಮಿ.ಮೀ., ಸುಮಾರು 140 ಗ್ರಾಂ. ಕೈಗೆ ಅಷ್ಟು ಹಿತವಾದ ಫೋನ್ ಇನ್ನೊಂದಿಲ್ಲ ಅನ್ನುವುದು ನನ್ನ ಮಾತು. ಆದರೆ ಅದರ ಬ್ಯಾಟರಿ ಚಿಕ್ಕದು, ಈಗ ಸಿಕ್ಕರೆ ಹಳೆಯದೇ ಸಿಗುತ್ತದೆ. ಬ್ಯಾಟರಿ ಹೆಲ್ತ್, ಅಂದ್ರೆ ಬ್ಯಾಟರಿ ಎಷ್ಟು ಸವೆದಿದೆ ಅನ್ನೋದು, ನೋಡಿಯೇ ಕೊಳ್ಳಿ.

ಕೊಳ್ಳುವ ಮೊದಲು ಎಡಗೈಲಿ ಚೀಲ, ಬಲಗೈಲಿ ಕವರ್ ಹಾಕಿದ ಫೋನ್ ಹಿಡಿದು, ಬಲಗೈ ಹೆಬ್ಬೆರಳಿಂದ ಮೇಲಿನ ನೋಟಿಫಿಕೇಶನ್ ಎಳೆದು ನೋಡಿ. ಹಿಡಿತ ಬದಲಿಸದೆ ಸಿಕ್ಕರೆ ಅದು ನಿಮ್ಮ ಫೋನ್. ಮಳೆಗಾಲದಲ್ಲಿ ಒಂದು ಕೈಗೆ ಕೊಡೆ ಇದ್ದೇ ಇರುತ್ತದೆ ಅಲ್ವಾ?

ನಿಮ್ಮ ಕೈ ನೋಡದೆ ಇದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಫೋನ್ ಹಿಡಿಯದಾಗಲೂ ನೋವಿದ್ದರೆ, ಬೆರಳು ಜೋಮು ಹಿಡಿದರೆ, ಮೊದಲು ಡಾಕ್ಟರಿಗೆ ತೋರಿಸಿ.