ಶ್ರೀಶೈಲಕ್ಕೆ ಯಾರ ಹಂಗೂ ಇಲ್ಲದೆ ನಡೆದು ಹೋಗಲು ಏನೇನು ಕಟ್ಟಿಕೊಳ್ಳಬೇಕು?

ದಾಸೋಹದ ಪಂಕ್ತಿಯಲ್ಲಿ ಕೂರದೆ, ಯಾರ ಹತ್ತಿರವೂ ಕೈಚಾಚದೆ, ನನ್ನ ಊಟ ನಾನೇ ಹೊತ್ತು ಯುಗಾದಿಗೆ ಶ್ರೀಶೈಲ ಮುಟ್ಟಬೇಕು ಅಂತ ಬರೆದಿದ್ದೀರಿ. 2019ರಲ್ಲಿ ನಮ್ಮ ಅವ್ವನ ಮುಂದೆ ನಾನು ಆಡಿದ ಮಾತೂ ಇದೇ. ಬಾಗಲಕೋಟೆ ಹತ್ತಿರದ ನಮ್ಮೂರಿನಿಂದ ಪ್ರತಿ ವರ್ಷ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ ಹೊತ್ತು ನಡೆಯುವವರ ಗುಂಪು ಹೊರಡುತ್ತದೆ; ಆ ಗುಂಪಿಗೂ ನಾವು ಕಂಬಿ ಅಂತಲೇ ಅನ್ನುತ್ತೇವೆ. ಆ ವರ್ಷ ನಾನೂ ಬೆನ್ನಿಗೆ ಹನ್ನೊಂದು ಕಿಲೋ ಚೀಲ ಹಾಕಿಕೊಂಡು ಹೊರಟೆ. ಒಳಗೆ ಬಿಸ್ಕೀಟು, ಬ್ರೆಡ್ಡು, ಖರ್ಜೂರ, ಎರಡು ಲೀಟರಿನ ಮೂರು ಬಾಟಲಿ ನೀರು. ಬೆಂಗಳೂರಿನಲ್ಲಿ ಸಂಬಳ ಎಣಿಸುವವನು ನಾನು, ಮಳೆ ನಂಬಿ ಬದುಕುವವರ ಜೋಳ ಯಾಕೆ ಉಣ್ಣಬೇಕು ಅನ್ನುವುದು ನನ್ನ ವಾದ. ಅದನ್ನು ಪ್ರಾಮಾಣಿಕವಾಗಿಯೇ ನಂಬಿದ್ದೆ.

ಇಳಕಲ್ಲು, ಮುದಗಲ್ಲು, ಲಿಂಗಸುಗೂರು ದಾಟುವ ತನಕ ಹೇಗೋ ನಡೆಯಿತು. ಕಂಬಿಯವರು ನಸುಕಿನ ಮೂರಕ್ಕೆ ಏಳುತ್ತಾರೆ, ಹತ್ತು ಗಂಟೆಯ ತನಕ ನಡೆದು ಯಾವುದಾದರೂ ಗುಡಿಯಲ್ಲೋ ಮರದ ನೆರಳಲ್ಲೋ ಮಲಗುತ್ತಾರೆ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ಅವರು ಪಂಕ್ತಿಗೆ ಕೂತರೆ ನಾನು ದೂರ ಹೋಗಿ ಬ್ರೆಡ್ಡು ತಿನ್ನುತ್ತಿದ್ದೆ. ಐದನೆಯ ದಿನ ಕವಿತಾಳ ಬಿಟ್ಟ ಮೇಲೆ ಹೀಗೆಯೇ ದೂರ ಕೂತಿದ್ದಾಗ ಕಂಬಿ ಮುಂದೆ ಹೋಯಿತು. ಹಿಡಿಯಬೇಕು ಅಂತ ಹನ್ನೊಂದರ ಬಿಸಿಲಲ್ಲಿ ಸಿರವಾರದ ಕಡೆ ಹೆಜ್ಜೆ ಹಾಕಿದೆ. ಮಾರ್ಚ್ ಕೊನೆಯ ವಾರ, ರಾಯಚೂರು ಸೀಮೆ, ಎರಡೂ ಕಡೆ ಬಿರುಕು ಬಿಟ್ಟ ಎರೆಹೊಲ.

ಈಗ ನನ್ನ ತಪ್ಪು ಕೇಳಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ‘ಬಿಸಿಲು ಹೊಡೀತು’ ಅಂದು ಮುಗಿಸಿಬಿಡುತ್ತಾರೆ. ಬಿಸಿಲಲ್ಲಿ ನಡೆದದ್ದು ತಪ್ಪು, ಹೌದು. ಆದರೆ ನನ್ನನ್ನು ಕೆಡವಿದ್ದು ಉಪ್ಪಿಲ್ಲದೆ ಕುಡಿದ ಬರೀ ನೀರು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ನನ್ನ ಅಂಗಿಯ ಬೆನ್ನಿನ ಮೇಲೆ ಬೆಳಗ್ಗೆಯಿಂದಲೇ ಬಿಳಿ ಗೆರೆ ಎದ್ದಿದ್ದವು, ಧೂಳು ಅಂದುಕೊಂಡಿದ್ದೆ. ಹೋದ ಉಪ್ಪಿನ ಜಾಗಕ್ಕೆ ಉಪ್ಪು ಹಾಕದೆ ಬರೀ ನೀರು ತುಂಬುತ್ತಾ ಹೋದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗುತ್ತದೆ. ಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ. ಆಮೇಲೆ ತಲೆ ಭಾರ, ಹೊಟ್ಟೆಯಲ್ಲಿ ತೊಳಸು. ಆ ತೊಳಸನ್ನು ನಾನು ಬಾಯಾರಿಕೆ ಅಂತ ತಿಳಿದು ಇನ್ನಷ್ಟು ನೀರು ಕುಡಿದೆ. ನಸುಕಿನಿಂದ ಆರು ಲೀಟರ್ ಹೊಟ್ಟೆಗೆ ಹೋಗಿತ್ತು, ಜೊತೆಗೆ ಸಿಹಿ ಬಿಸ್ಕೀಟು ಬಿಟ್ಟರೆ ಬೇರೆ ಏನೂ ಇಲ್ಲ. ನೀರು ಕಡಿಮೆ ಆಯಿತೇನೋ ಅಂತ ನಡುದಾರಿಯ ಬೋರಿನಲ್ಲಿ ಮತ್ತೆ ತುಂಬಿಸಿಕೊಂಡೆ.

ಮದ್ದು ದಾರಿಯುದ್ದಕ್ಕೂ ಇತ್ತು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಡ್ರಮ್ಮು ಇಟ್ಟುಕೊಂಡು ಉಪ್ಪು ಹಾಕಿದ ಮಜ್ಜಿಗೆ ಹಂಚುತ್ತಿದ್ದರು. ಒಬ್ಬ ಹುಡುಗ ಲೋಟ ತುಳುಕಿಸುತ್ತಾ ನನ್ನ ಹಿಂದೆಯೇ ಓಡಿ ಬಂದ. ಬಾಟಲಿ ಎತ್ತಿ ತೋರಿಸಿ ಮುಂದೆ ನಡೆದೆ. ಮುಂದಿನ ಕ್ರಾಸಿನಲ್ಲಿ ಮಂಡಾಳು ಒಗ್ಗರಣಿ, ಮೆಣಸಿನಕಾಯಿ ಬಜ್ಜಿ. ಅಲ್ಲಿಯೂ ಕೈ ಮುಗಿದು ದಾಟಿದೆ. ಅಂಥ ಮೂರು ಟೆಂಟು ಬಿಟ್ಟೆ. ಅಲ್ಲಿ ಕೂತು ಮಜ್ಜಿಗೆ ಕುಡಿದಿದ್ದರೆ ಮುಂದಿನದು ಬಹುಶಃ ಆಗುತ್ತಿರಲಿಲ್ಲ.

ಒಂದು ಸಣ್ಣ ಸೇತುವೆಯ ಕಟ್ಟೆ ಹಿಡಿದು ವಾಂತಿ ಮಾಡಿಕೊಂಡೆ. ಎದ್ದು ನಿಂತರೆ ಬಲಗಾಲು ನೆಟ್ಟಗಾಗಲಿಲ್ಲ. ಆಚೆ ಬೇವಿನ ಮರದ ಕೆಳಗೆ ಮಣ್ಣಿನ ಹರವಿ ಇಟ್ಟುಕೊಂಡು ಒಬ್ಬ ಮುದುಕಿ, ಅವಳ ಸೊಸೆ. ಮುದುಕಿ ಅಲ್ಲಿಂದಲೇ ಕೂಗಿದಳು, “ಯಪ್ಪಾ, ಮದ್ಲ ಆ ಚೀಲಾ ಇಳಸು.”

“ಬ್ಯಾಡವ್ವಾ, ನನ್ನಂತ್ಯಾಕ ನೀರೈತಿ.”

“ನೀರ ಕುಡದ ಕುಡದs ಹಿಂಗಾಗೈತಿ ನಿನಗ.”

ಅವಳಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಬಿಸಿಲಲ್ಲಿ ಹತ್ತಿ ಬಿಡಿಸಿ, ಕಳೆ ಕಿತ್ತು ತಿಳಿದದ್ದು. ಜೋಳದ ಅಂಬಲಿಗೆ ಹುಳಿ ಮಜ್ಜಿಗೆ, ಉಪ್ಪು, ಜಜ್ಜಿದ ಬಳ್ಳೊಳ್ಳಿ ಹಾಕಿ ಕೈಗೆ ಕೊಟ್ಟಳು. “ಗಟಗಟ ಕುಡೀಬ್ಯಾಡ, ಗುಟುಕ ಗುಟುಕ ತಗೋ” ಅಂದಳು. ಎರಡನೆಯ ಲೋಟಕ್ಕೆ ಕಣ್ಣು ಸರಿಯಾಗಿ ಕಾಣತೊಡಗಿತು. ಅಷ್ಟರಲ್ಲಿ ಅವಳ ಮಗ ಬಂದು ಕೊಬ್ಬರಿ ಎಣ್ಣೆ ತಗೊಂಡು ನನ್ನ ಮೀನಖಂಡ ತಿಕ್ಕಲು ಕೂತ. ನಮ್ಮಪ್ಪನ ವಯಸ್ಸು. ನಾನು ಕಾಲು ಎಳೆದುಕೊಂಡೆ. “ನಾ ನಿನ್ನ ಕಾಲ ಹಿಡದಿಲ್ಲೋ ತಮ್ಮಾ, ಮಲ್ಲಯ್ಯನ ಕಾಲ ಹಿಡದೀನಿ, ಸುಮ್ಮ ಮಲಕೋ” ಅಂದ. ಹೊರಸಿನ ಮೇಲೆ ನಾಲ್ಕೂವರೆಯ ತನಕ ಮಲಗಿದ್ದೆ. ಸೊಸೆ ನನ್ನ ಅಂಗಿ ಒಗೆದು ಬೇಲಿಗೆ ಹಾಕಿದ್ದು ಎದ್ದ ಮೇಲೆ ಗೊತ್ತಾಯಿತು.

ಹೊರಡುವಾಗ ಐನೂರರ ನೋಟು ತೆಗೆದೆ. ಮುದುಕಿ ಅದನ್ನು ಮಡಚಿ ನನ್ನ ಕಿಸೆಗೇ ತುರುಕಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಖಣ, ಹಸಿರು ಬಳೆ ಕೊಟ್ಟಳು. “ಮನಿ ಮಗಳಿಗೆ ಮುಟ್ಟಸಪಾ. ನನ್ನ ಮಣಕಾಲ ಗುಡ್ಡಾ ಹತ್ತೂದಿಲ್ಲ.” ಶ್ರೀಶೈಲದ ಅಮ್ಮ ಭ್ರಮರಾಂಬೆ ನಮ್ಮ ಕಡೆಯ ಮಗಳು, ಮಲ್ಲಯ್ಯ ಅಳಿಯ, ಅದಕ್ಕೇ ಯುಗಾದಿಗೆ ತವರಿನವರು ಸೀರೆ, ಖಣ ಹಿಡಿದು ನಡೆದು ಹೋಗುತ್ತಾರೆ ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಹೊತ್ತಿನ ತನಕ ಅದು ನನಗೆ ಕತೆಯಾಗಿತ್ತು. ಅವಳು ಮಗಳ ಮನೆಗೆ ಹೋಗಲಾರಳು. ಹೋಗುವ ದಾರಿಯ ಮೇಲೆ ಕೂತು ಹೋಗುವವರಿಗೆ ಉಣಿಸುತ್ತಾಳೆ. ನಾನು ಬಾಟಲಿ ತೋರಿಸಿ ದಾಟಿಬಂದ ಆ ಮೂರು ಟೆಂಟುಗಳಲ್ಲಿ ಇಂಥವರು ಎಷ್ಟು ಜನ ಇದ್ದರೋ.

ಅದಕ್ಕೆ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದಾಸೋಹವನ್ನು ಹಂಗು ಅಂತ ಕರೆಯಬೇಡಿ. ಸುಗ್ಗಿಯಲ್ಲೇ ಒಂದು ಚೀಲ ಜೋಳ ‘ಇದು ಮಲ್ಲಯ್ಯನ ಮಂದಿಗೆ’ ಅಂತ ಬೇರೆ ಇಟ್ಟವರು ಅವರು. ನೀವು ಬೇಡ ಅಂದರೆ ಅವರ ಯಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ಸ್ಟವ್ ಯಾವ ಕಂಪನಿಯದು ತರಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ, ಮನೆಯಲ್ಲೇ ಇರಲಿ. ಒಂದು ಸ್ಟೀಲ್ ಲೋಟ, ಒಂದು ಲೀಟರಿನ ಬಾಟಲಿ, ಹಚ್ಚಡ, ಸವೆದು ಕಾಲಿಗೆ ಹೊಂದಿದ ಚಪ್ಪಲಿ, ಕಾಡಿನ ದಾರಿಗೆ ಒಂದು ಬ್ಯಾಟರಿ ಸಾಕು. ಕಂಬಿ ಬಿಟ್ಟು ಒಬ್ಬರೇ ಹಿಂದೆ ಉಳಿಯಬೇಡಿ. ಕರ್ನೂಲಿನಲ್ಲಿ ತುಂಗಭದ್ರೆ ದಾಟಿ, ಆತ್ಮಕೂರು, ವೆಂಕಟಾಪುರ ಮುಗಿದ ಮೇಲೆ ನಲ್ಲಮಲ ಕಾಡು ಶುರು. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ಇಳಿಜಾರು, ಏರು, ಆಮೇಲೆ ಕೈಲಾಸ ದ್ವಾರ. ಅಲ್ಲಿ ಕಾಡಿನ ಬುಡಕಟ್ಟಿನವರಾದ ಚೆಂಚು ಜನರ ಗುಡಿಸಲು ಬಿಟ್ಟರೆ ಊರಿಲ್ಲ. ನೀವು ಹೊತ್ತು ತಂದದ್ದು ಅಷ್ಟರಲ್ಲಿ ಮುಗಿದಿರುತ್ತದೆ, ನಮ್ಮ ಕಡೆಯವರೇ ಕಾಡಿನೊಳಗೆ ಒಲೆ ಹೂಡಿ ಹಾಕುವ ಅನ್ನವೇ ಗತಿ. ಅಲ್ಲಿ ಉಣ್ಣುವವರು ಕವಿತಾಳದಲ್ಲೂ ಉಣ್ಣಿ.

ಹದಿಮೂರನೆಯ ದಿನ ಗುಡಿ ಮುಟ್ಟಿದೆ. ಬಳೆ ಒಂದೂ ಒಡೆದಿರಲಿಲ್ಲ, ಅಂಗಿಯೊಳಗೆ ಸುತ್ತಿ ತಂದಿದ್ದೆ. ಅಮ್ಮನವರ ಮುಂದೆ ಒಪ್ಪಿಸಿ ಬಂದೆ.

2020ರಲ್ಲಿ ಯುಗಾದಿಯ ದಿನವೇ ಲಾಕ್‌ಡೌನ್ ಬಿತ್ತು. ಮತ್ತೆ ನಾನು ನಡೆದದ್ದು 2022ರಲ್ಲಿ. ಬೇವಿನ ಮರ ಇತ್ತು, ಹರವಿ ಇತ್ತು, ಮುದುಕಿಯೂ ಇದ್ದಳು. ನನ್ನ ಗುರುತು ಅವಳಿಗೆ ಹತ್ತಲೇ ಇಲ್ಲ. “ಕುಂದ್ರಪಾ” ಅಂತ ಎಲ್ಲರಿಗೂ ಅಂದ ಹಾಗೆ ಅಂದಳು. ನಾನು ಅಂಬಲಿ ಕುಡಿದು, ಅವತ್ತು ನೀನು ಕೊಟ್ಟ ಖಣ, ಬಳೆ ಮುಟ್ಟಿಸಿದೆ ಅವ್ವಾ ಅಂದೆ.

“ಯಾವ ವರ್ಷದ್ದು?” ಅಂದಳು. “ವರ್ಷಾ ಒಬ್ಬರ ಕೈಲೆ ಕಳಸ್ತೀನಿ.” ಹಿಂದೆ ನಿಂತವನಿಗಾಗಿ ನನ್ನ ಲೋಟ ತೊಳೆಯಲು ಇಸಿದುಕೊಂಡಳು.